ಫಾಲ್‌ಔಟ್‌ನಂಥ ಆಟಗಳಲ್ಲಿ ಬಣಗಳನ್ನೂ ಕ್ವೆಸ್ಟ್‌ಗಳನ್ನೂ ಹೋಲಿಸುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಫಾಲ್‌ಔಟ್ ಎಂಬ, ಅಣುಯುದ್ಧದ ನಂತರದ ಲೋಕದಲ್ಲಿ ನಡೆಯುವ ಆಟಗಳ ಸರಣಿಯಲ್ಲಿ ನ್ಯೂ ವೇಗಸ್ ಚೆನ್ನಾಗಿ ಬರೆದ ಆಟ, ಫಾಲ್‌ಔಟ್ 4 ಅಷ್ಟಕ್ಕಷ್ಟೇ: ಈ ಮಾತನ್ನು ಹೇಳದ ಗೇಮರ್ ಸಿಗುವುದು ಕಷ್ಟ. ಯಾಕೆ ಎಂದು ಕೇಳಿ ನೋಡಿ, ‘ಚಾಯ್ಸ್ ಜಾಸ್ತಿ’ ಎಂಬಲ್ಲಿಗೆ ಮಾತು ನಿಂತುಬಿಡುತ್ತದೆ. ಆಯ್ಕೆಗಳನ್ನು ಎಣಿಸಿದರೆ ಬರವಣಿಗೆ ಅಳೆದಂತಾಗುವುದಿಲ್ಲ. ನಾಲ್ಕು ಬಾಗಿಲಿಟ್ಟು ನಾಲ್ಕೂ ಒಂದೇ ಕೋಣೆಗೆ ತೆರೆದುಕೊಂಡರೆ ಬಾಗಿಲು ಒಂದೇ ಲೆಕ್ಕ. ಈ ಮಾರ್ಗದರ್ಶಿ ಬೇರೊಂದು ಪ್ರಶ್ನೆ ಹಿಡಿದು ಹೊರಡುತ್ತದೆ: ಒಂದು ಕ್ವೆಸ್ಟ್ (ಆಟ ಒಪ್ಪಿಸುವ ಕೆಲಸ) ಮುಗಿದಾಗ ಅದರ ಬೆಲೆ ತೆತ್ತವರು ಯಾರು? ಆ ಬೆಲೆ ಆಟಗಾರನ ಕಣ್ಣಿಗೆ ಎಲ್ಲಿ ಬೀಳುತ್ತದೆ?

ಬೇಕಾಗುವುದು ಇಷ್ಟು: ಎರಡು ಆಟ (ಹೆಚ್ಚೆಂದರೆ ಮೂರು), ಒಂದು ನೋಟ್‌ಬುಕ್ ಅಥವಾ ಸ್ಪ್ರೆಡ್‌ಶೀಟ್, ಸೇವ್ ಫೈಲ್‌ಗಳಿಗೆ ಜಾಗ, ಮತ್ತು ಒಂದೇ ಕ್ವೆಸ್ಟನ್ನು ಮೂರು ಸಲ ಆಡುವ ತಾಳ್ಮೆ.

ಹೆಜ್ಜೆ 1: ಬೇಕಾದ ವಸ್ತುವೊಂದನ್ನು ಹಿಡಿಯಿರಿ, ಆಮೇಲೆ ಆಟ ಆರಿಸಿ

ಎರಡು ಆಟಗಳನ್ನು ಇಡಿಯಾಗಿ ಎದುರುಬದುರು ನಿಲ್ಲಿಸಿದರೆ ಕೊನೆಗೆ ಉಳಿಯುವುದು ಅಭಿಮಾನಿಗಳ ಜಗಳ. ಹೋಲಿಕೆಗೆ ಒಂದು ಸಮಾನ ಎಳೆ ಬೇಕು. ಪ್ರಳಯದ ನಂತರದ ಲೋಕದಲ್ಲಿ ಈ ಎಳೆ ತಾನಾಗಿ ಸಿಗುತ್ತದೆ, ಏಕೆಂದರೆ ಅಲ್ಲಿ ಎಲ್ಲಕ್ಕೂ ಬರ. ನೀರು, ವಿದ್ಯುತ್ತು, ಊಟ, ಔಷಧಿ, ಆಯುಧ: ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳಿ.

ನೀರು ಹಿಡಿದರೆ 1997ರ ಮೊದಲ ಫಾಲ್‌ಔಟ್ ಮತ್ತು 2008ರ ಫಾಲ್‌ಔಟ್ 3 ಚೆನ್ನಾಗಿ ಜೋಡಿಯಾಗುತ್ತವೆ. ಒಂದರಲ್ಲಿ ವಾಲ್ಟ್ 13 ಎಂಬ ನೆಲದಡಿಯ ಆಶ್ರಯತಾಣಕ್ಕೆ ನೀರೊದಗಿಸುವ ವಾಟರ್ ಚಿಪ್ ಕೆಟ್ಟಿರುತ್ತದೆ, ನಿಮಗಿರುವುದು 150 ದಿನ. ಇನ್ನೊಂದರಲ್ಲಿ ಇಡೀ ನದೀಪಾತ್ರವನ್ನೇ ಶುದ್ಧ ಮಾಡುವ ಪ್ರಾಜೆಕ್ಟ್ ಪ್ಯೂರಿಟಿ. ವಿದ್ಯುತ್ತು ಹಿಡಿದರೆ ಫಾಲ್‌ಔಟ್ 2 (1998), ನ್ಯೂ ವೇಗಸ್ (2010), ಫಾಲ್‌ಔಟ್ 4 (2015) ಮೂರೂ ಸಾಲಾಗಿ ನಿಲ್ಲುತ್ತವೆ. ಇನ್‌ಎಕ್ಸೈಲ್‌ನ ವೇಸ್ಟ್‌ಲ್ಯಾಂಡ್ 2 (2014) ಆಟದಲ್ಲಿ ಊಟ ಮತ್ತು ನೀರು ಆರಂಭದಲ್ಲೇ ಮುಖಾಮುಖಿಯಾಗುತ್ತವೆ. ಆ ಮಾತು ಮುಂದೆ ಬರುತ್ತದೆ.

ಹೆಜ್ಜೆ 2: ಪ್ರತಿ ಬಣಕ್ಕೂ ಮೂರು ವಾಕ್ಯ

ಬಾವುಟ, ಸಮವಸ್ತ್ರ, ಘೋಷಣೆಗಳನ್ನು ಪಕ್ಕಕ್ಕಿಡಿ. ಪ್ರತಿ ಬಣದ ಬಗ್ಗೆ ಮೂರೇ ಮೂರು ವಾಕ್ಯ ಬರೆಯಿರಿ: ಇವರಿಗೆ ಏನು ಬೇಕು, ಇವರಿಗೆ ಏನು ಭಯ, ತಾವೇ ಮಾಡಿಕೊಳ್ಳಲಾಗದ ಯಾವ ಕೆಲಸಕ್ಕೆ ಆಟಗಾರ ಬೇಕು. ಮೂರನೆಯದೇ ಮುಖ್ಯ. ಕ್ವೆಸ್ಟ್ ಹುಟ್ಟುವುದು ಅಲ್ಲಿಂದ.

ನ್ಯೂ ವೇಗಸ್‌ನ ಎನ್‌ಸಿಆರ್ (ನ್ಯೂ ಕ್ಯಾಲಿಫೋರ್ನಿಯಾ ರಿಪಬ್ಲಿಕ್) ನೋಡಿ. ಬೇಕಾದದ್ದು ಹೂವರ್ ಅಣೆಕಟ್ಟಿನ ನೀರು ಮತ್ತು ವಿದ್ಯುತ್ತು. ಭಯ, ನದಿಯ ಆಚೆ ಕಾದು ಕೂತ ಸೀಸರ್ಸ್ ಲೀಜನ್ ಎಂಬ ವೈರಿ ಸೈನ್ಯದ್ದು. ಕೈಲಾಗದ್ದು, ದೂರದ ಕ್ಯಾಲಿಫೋರ್ನಿಯಾದಿಂದ ಬರುವ ಸರಬರಾಜನ್ನೂ ಚದುರಿಹೋದ ಸೈನ್ಯವನ್ನೂ ಹಿಡಿತದಲ್ಲಿಡುವುದು. ಆ ಆಟದಲ್ಲಿ ಎನ್‌ಸಿಆರ್ ಕೊಡುವ ಸಣ್ಣಪುಟ್ಟ ಕೆಲಸಗಳನ್ನು ಪಟ್ಟಿ ಮಾಡಿದರೆ ಬಹುಪಾಲು ಈ ಮೂರನೆಯ ವಾಕ್ಯದಿಂದಲೇ ಬಂದವು ಅನ್ನುವುದು ಕಾಣುತ್ತದೆ: ಕ್ಯಾಂಪ್ ಒಂದರಲ್ಲಿ ಗೂಢಚಾರ, ಇನ್ನೊಂದರಲ್ಲಿ ತರಬೇತಿಯಿಲ್ಲದ ಹುಡುಗರು, ಮತ್ತೊಂದರಲ್ಲಿ ಸಾಮಾನಿನ ಕೊರತೆ.

ಇದೇ ಪರೀಕ್ಷೆಯನ್ನು ಫಾಲ್‌ಔಟ್ 4ರ ಇನ್‌ಸ್ಟಿಟ್ಯೂಟ್‌ಗೆ ಹಚ್ಚಿದರೆ ಮೊದಲ ವಾಕ್ಯದಲ್ಲೇ ಪೆನ್ನು ನಿಲ್ಲುತ್ತದೆ. ಮೇಲಿನ ಜನರನ್ನು ಕದ್ದು, ಅವರ ಜಾಗಕ್ಕೆ ಸಿಂತ್‌ಗಳನ್ನು (ಮನುಷ್ಯರಂತೆಯೇ ಕಾಣುವ ಕೃತಕ ಜೀವಿಗಳನ್ನು) ಇಡುವುದರಿಂದ ನೆಲದಡಿಯ ವಿಜ್ಞಾನಿಗಳಿಗೆ ಆಗುವ ಲಾಭವೇನು? ಆಟ ಸುಳಿವು ಕೊಡುತ್ತದೆ, ಗಟ್ಟಿ ಉತ್ತರ ಕೊಡುವುದಿಲ್ಲ. ಅದೇ ಆಟದ ಮಿನಿಟ್‌ಮೆನ್ ಎಂಬ ಊರು ಕಾಯುವ ಸ್ವಯಂಸೇವಕರ ಸಮಸ್ಯೆ ಇದರ ತದ್ವಿರುದ್ಧ. ಅವರು ಎಲ್ಲರಿಗೂ ಬೇಕಾದವರು, ಅವರಿಗೆ ಯಾರ ಮೇಲೂ ಹಟವಿಲ್ಲ. ಹಟವಿಲ್ಲದ ಬಣದಿಂದ ಕಥೆ ಹುಟ್ಟುವುದಿಲ್ಲ. ಅದಕ್ಕೇ ಅವರ ಪ್ರೆಸ್ಟನ್ ಗಾರ್ವಿ ಮತ್ತೆ ಮತ್ತೆ ‘ಇನ್ನೊಂದು ಊರಿಗೆ ಸಹಾಯ ಬೇಕಾಗಿದೆ’ ಎಂಬ, ಯಂತ್ರವೇ ಜೋಡಿಸಿಕೊಡುವ ರೇಡಿಯಂಟ್ ಕ್ವೆಸ್ಟ್ ಹಿಡಿದು ಬರುತ್ತಾನೆ.

ಒಂದು ಎಚ್ಚರಿಕೆ. ಮೂರು ವಾಕ್ಯಗಳನ್ನು ವಿಕಿ ನೋಡಿ ಬರೆಯಬೇಡಿ. ಹಳೆಯ ಆಟಗಳ ಇತಿಹಾಸ, ಸಂದರ್ಶನಗಳು ಎಲ್ಲ ಸೇರಿ ವಿಕಿಯಲ್ಲಿ ಬಣಗಳು ಇರುವುದಕ್ಕಿಂತ ದುಂಡಗೆ ಕಾಣುತ್ತವೆ. ಆಟದೊಳಗೆ ಪಾತ್ರವೊಂದು ಹೇಳಿದ, ಟರ್ಮಿನಲ್‌ನಲ್ಲಿ ಓದಿದ, ಕಣ್ಣಾರೆ ಕಂಡ ಸಂಗತಿಗೆ ಮಾತ್ರ ಜಾಗ.

ಹೆಜ್ಜೆ 3: ಕ್ವೆಸ್ಟ್ ಆಯ್ಕೆ

ಪ್ರತಿ ಆಟದಿಂದ ಮೂರು ಸಾಕು. ಆಟದ ಮೊದಲ ಎರಡು ಗಂಟೆಯೊಳಗೆ ಬರುವ ಒಂದು, ಎರಡು ಬಣಗಳ ಆಸೆ ನೇರವಾಗಿ ಡಿಕ್ಕಿ ಹೊಡೆಯುವ ಒಂದು, ಮುಖ್ಯ ಕಥೆಗೆ ಸಂಬಂಧವಿಲ್ಲದ ಒಂದು. ಎಲ್ಲರೂ ಹೊಗಳುವ ಕ್ವೆಸ್ಟ್‌ಗಳನ್ನೇ ಆರಿಸಿದರೆ ಒಂದು ಆಟದ ಉತ್ತಮ ಗಂಟೆಯನ್ನು ಇನ್ನೊಂದರ ಸಾಧಾರಣ ಗಂಟೆಯ ಜೊತೆ ತೂಗಿದಂತಾಗುತ್ತದೆ. ಮೂರನೆಯದನ್ನು ಬೇಕೆಂದೇ ಯಾರೂ ಮಾತಾಡದ ಮೂಲೆಯಿಂದ ತನ್ನಿ.

ಆರಂಭದ ಕ್ವೆಸ್ಟ್‌ಗೆ ಹೆಚ್ಚು ಬೆಲೆ ಕೊಡಬೇಕು, ಏಕೆಂದರೆ ಆಟ ತನ್ನ ನಿಯಮವನ್ನು ಅಲ್ಲಿ ಕಲಿಸುತ್ತದೆ. ನ್ಯೂ ವೇಗಸ್‌ನ ಗುಡ್‌ಸ್ಪ್ರಿಂಗ್ಸ್‌ನಲ್ಲಿ ರಿಂಗೋ ಎಂಬ ವ್ಯಾಪಾರಿ ಅಡಗಿದ್ದಾನೆ, ಪೌಡರ್ ಗ್ಯಾಂಗರ್ ಎಂಬ ದರೋಡೆಕೋರರ ಗುಂಪಿನ ಜೋ ಕಾಬ್ ಅವನನ್ನು ಹುಡುಕುತ್ತಿದ್ದಾನೆ. ಊರ ಪರ ನಿಲ್ಲಬಹುದು, ಊರ ಮೇಲೆ ಬೀಳಲೂಬಹುದು. ಊರ ಪರ ನಿಂತರೆ ಮಾತುಗಾರಿಕೆ, ವ್ಯಾಪಾರ, ಸ್ಫೋಟಕ, ವೈದ್ಯಕೀಯ ಹೀಗೆ ಬೇರೆ ಬೇರೆ ಕೌಶಲದಿಂದ ಒಬ್ಬೊಬ್ಬರನ್ನೇ ಒಲಿಸಿ ಸಹಾಯಕ್ಕೆ ಕರೆಯಬಹುದು. ‘ಈ ಆಟದಲ್ಲಿ ನಿನ್ನ ಕೌಶಲವೇ ನಿನ್ನ ನಾಲಿಗೆ’ ಎನ್ನುವುದನ್ನು ಅರ್ಧ ಗಂಟೆಯಲ್ಲಿ ಪಾಠದ ವಾಸನೆಯಿಲ್ಲದೆ ಕಲಿಸಿಬಿಡುತ್ತದೆ. ಫಾಲ್‌ಔಟ್ 3ರಲ್ಲಿ ಈ ಜಾಗದಲ್ಲಿರುವುದು ಮೆಗಾಟನ್: ಊರ ನಡುವೆ ಬಿದ್ದಿರುವ ಸ್ಫೋಟಿಸದ ಅಣುಬಾಂಬು, ನಿಷ್ಕ್ರಿಯ ಮಾಡು ಅಥವಾ ಸಿಡಿಸು. ದೃಶ್ಯವಾಗಿ ಮರೆಯಲಾಗದ್ದು. ಆದರೆ ಊರನ್ನೇ ಅಳಿಸಲು ಮಿಸ್ಟರ್ ಬರ್ಕ್ ಮುಂದಿಡುವ ಕಾರಣ ಎಷ್ಟು ತೆಳ್ಳಗಿದೆ ಎಂದು ಹೆಜ್ಜೆ 2ರ ಮೂರು ವಾಕ್ಯ ಬರೆದರೆ ಗೊತ್ತಾಗುತ್ತದೆ.

ಹೆಜ್ಜೆ 4: ಆಡುವ ಕ್ರಮ

ಪ್ರತಿ ಕ್ವೆಸ್ಟನ್ನು ಮೂರು ಪಾತ್ರಗಳಾಗಿ ಆಡಿ: ಮಾತುಗಾರ, ಹೊಡೆದಾಟದವ, ಕಳ್ಳ. ಸಂಭಾಷಣೆ ಶುರುವಾಗುವ ಮೊದಲು ಪೂರ್ತಿ ಸೇವ್ ಮಾಡಿ. ಕ್ವಿಕ್‌ಸೇವ್ ನಂಬಬೇಡಿ, ಮುಂದಿನದು ಹಿಂದಿನದನ್ನು ನುಂಗುತ್ತದೆ. ಯಾವ ಸೇವ್ ಯಾವ ತೀರ್ಮಾನದ ಮೊದಲಿನದು ಎಂದು ನೋಟ್‌ಬುಕ್ಕಿನಲ್ಲಿ ಸೇವ್ ಸಂಖ್ಯೆಯ ಎದುರು ಬರೆದಿಡಿ. ಹತ್ತು ದಿನ ಬಿಟ್ಟು ನೋಡಿದರೆ ಸ್ಥಳದ ಹೆಸರು ಮಾತ್ರ ಇರುವ ಸೇವ್‌ಗಳೆಲ್ಲ ಒಂದೇ ಥರ ಕಾಣುತ್ತವೆ.

ನ್ಯೂ ವೇಗಸ್‌ನಲ್ಲಿ ಮೂರು ಕಡೆ ಎಡವುತ್ತಾರೆ. ಒಂದು, ಬಣದ ರಕ್ಷಾಕವಚ. ಅದು ಆ ಆಟದಲ್ಲಿ ಮಾರುವೇಷ. ಎನ್‌ಸಿಆರ್ ಸಮವಸ್ತ್ರ ತೊಟ್ಟುಕೊಂಡೇ ಲೀಜನ್‌ನವರ ಪ್ರತಿಕ್ರಿಯೆ ಪರೀಕ್ಷಿಸಿದರೆ ಸಿಗುವುದು ನಿಮ್ಮ ಹೆಸರಿನ ಫಲಿತಾಂಶವಲ್ಲ, ಬಟ್ಟೆಯದು. ಎರಡು, ಮುಖ್ಯ ಕಥೆ ಸ್ಟ್ರಿಪ್‌ನಲ್ಲಿ (ವೇಗಸ್‌ನ ಕ್ಯಾಸಿನೋ ಬೀದಿ) ಒಂದು ಹಂತ ದಾಟಿದಾಗ ಎನ್‌ಸಿಆರ್ ಮತ್ತು ಲೀಜನ್ ಎರಡೂ ನಿಮ್ಮ ಹಳೆಯ ತಪ್ಪನ್ನು ಮನ್ನಾ ಮಾಡುತ್ತವೆ. ಅದರ ಹಿಂದೆ ಮುಂದೆ ತೆಗೆದ ಟಿಪ್ಪಣಿಗಳನ್ನು ಬೆರೆಸಿದರೆ ಲೆಕ್ಕ ತಪ್ಪುತ್ತದೆ. ಮೂರು, ಅಣೆಕಟ್ಟಿನ ಕೊನೆಯ ಯುದ್ಧ ಮುಗಿದ ಮೇಲೆ ಆಟ ಮುಂದುವರಿಯುವುದಿಲ್ಲ. ಅದಕ್ಕೆ ಮೊದಲಿನ ಸೇವ್ ಇಲ್ಲದಿದ್ದರೆ ಇಡೀ ಪಾತ್ರ ಕೈತಪ್ಪಿದಂತೆ.

ಹೆಜ್ಜೆ 5: ಮೂರು ವಿದ್ಯುತ್ ಸ್ಥಾವರ, ಒಂದು ಲೆಕ್ಕ

ಇಲ್ಲಿ ನಿಧಾನ ಬೇಕು. ವಿದ್ಯುತ್ತಿನ ಎಳೆ ಹಿಡಿದು ಮೂರು ಆಟಗಳಿಂದ ಒಂದೊಂದು ಕ್ವೆಸ್ಟ್ ತೆಗೆದು ಮಾಡಿ ನೋಡೋಣ. ಪ್ರತಿಯೊಂದಕ್ಕೂ ಐದು ಕಾಲಂ: ಯಾರಿಗೆ ಬೇಕು, ಯಾರ ಕೈಯಲ್ಲಿದೆ, ಆಟಗಾರನಿಗೆ ತಿಳಿಯುವುದು ಹೇಗೆ, ಬೆಲೆ ತೆರುವವರು ಯಾರು, ಆ ಬೆಲೆ ಕಾಣುವುದು ಎಲ್ಲಿ.

ಫಾಲ್‌ಔಟ್ 2ರ ಗೆಕೋ. ಇದು ಗೂಲ್‌ಗಳ, ಅಂದರೆ ವಿಕಿರಣದಿಂದ ವಿಕಾರಗೊಂಡ ಮನುಷ್ಯರ ಊರು. ಅವರ ಹಳೆಯ ಅಣು ಸ್ಥಾವರ ಸೋರುತ್ತಿದೆ, ವಿಷ ಪಕ್ಕದ ವಾಲ್ಟ್ ಸಿಟಿಯ ಅಂತರ್ಜಲಕ್ಕೆ ಇಳಿಯುತ್ತಿದೆ. ವಾಲ್ಟ್ ಸಿಟಿ ಸ್ವಚ್ಛ, ಶ್ರೀಮಂತ, ಹೊರಗಿನವರನ್ನು ಕಂಡರಾಗದ ಊರು. ಪೌರತ್ವ ಇಲ್ಲದವನಿಗೆ ಒಳಗೆ ಓಡಾಡಲು ಪಾಸ್ ಬೇಕು. ಸ್ಥಾವರ ರಿಪೇರಿ ಮಾಡಬಹುದು, ಇನ್ನೂ ಚೆನ್ನಾಗಿ ಓಡುವಂತೆ ಮಾಡಬಹುದು, ಸಿಡಿಸಲೂಬಹುದು. ಬರವಣಿಗೆಯ ಜಾಣತನ ಒಂದು ಚಿಕ್ಕ ವಿವರದಲ್ಲಿದೆ: ರಿಪೇರಿಗೆ ಬೇಕಾದ ಬಿಡಿಭಾಗ ಇರುವುದು ವಾಲ್ಟ್ ಸಿಟಿಯಲ್ಲೇ. ನೀರು ಕೆಟ್ಟಿತೆಂದು ಗೂಲ್‌ಗಳನ್ನು ಬೈಯುವವರ ಉಗ್ರಾಣದಲ್ಲೇ ಮದ್ದು ಕೂತಿದೆ. ಅದನ್ನು ಯಾರೂ ಉಪದೇಶವಾಗಿ ಹೇಳುವುದಿಲ್ಲ. ಎರಡು ಊರುಗಳ ನಡುವೆ ಓಡಾಡುವ ನಿಮ್ಮ ಕಾಲಿಗೆ ಅದು ತಿಳಿಯುತ್ತದೆ.

ನ್ಯೂ ವೇಗಸ್‌ನ ಹೀಲಿಯೋಸ್ ಒನ್, ‘ದಟ್ ಲಕ್ಕಿ ಓಲ್ಡ್ ಸನ್’ ಎಂಬ ಕ್ವೆಸ್ಟ್. ಸೌರ ಸ್ಥಾವರ, ಹಿಂದೆ ಹಳೆಯ ತಂತ್ರಜ್ಞಾನ ಕೂಡಿಡುವ ಬ್ರದರ್‌ಹುಡ್ ಆಫ್ ಸ್ಟೀಲ್ ಎಂಬ ಸೈನಿಕ ಬಣದ ಕೈಯಲ್ಲಿತ್ತು, ಎನ್‌ಸಿಆರ್ ಯುದ್ಧ ಮಾಡಿ ಕಿತ್ತುಕೊಂಡಿದೆ. ಅದನ್ನು ನಡೆಸಲು ಎನ್‌ಸಿಆರ್ ನೇಮಿಸಿದ ಫ್ಯಾಂಟಾಸ್ಟಿಕ್ ಎಂಬವನಿಗೆ ಕೆಲಸವೇ ಗೊತ್ತಿಲ್ಲ. ಅವನಿಗೆ ವಿದ್ಯುತ್ತು ಸ್ಟ್ರಿಪ್‌ಗೂ ಎನ್‌ಸಿಆರ್ ಸೇನಾನೆಲೆಯಾದ ಕ್ಯಾಂಪ್ ಮೆಕ್‌ಕ್ಯಾರನ್‌ಗೂ ಹೋಗಬೇಕು. ಅಲ್ಲೇ ಇರುವ ಇಗ್ನೇಸಿಯೋ ರಿವಾಸ್ ಒಳಗೊಳಗೆ ಫಾಲೋವರ್ಸ್ ಆಫ್ ದಿ ಅಪಾಕಲಿಪ್ಸ್ ಎಂಬ ಜನಸೇವೆಯ ಬಣದ ಕಡೆಯವನು, ಅವನಿಗೆ ಎಲ್ಲರಿಗೂ ಹಂಚಬೇಕು. ಕನ್ನಡಿಗಳನ್ನು ಸರಿಮಾಡಿ ಗೋಪುರ ಹತ್ತಿದರೆ ಒಂದು ಟರ್ಮಿನಲ್. ಸ್ಟ್ರಿಪ್‌ಗೆ, ಬಡವರಿರುವ ಫ್ರೀಮಾಂಟ್ ಮತ್ತು ವೆಸ್ಟ್‌ಸೈಡ್‌ಗೆ, ಇಡೀ ಪ್ರದೇಶಕ್ಕೆ, ಅಥವಾ ಆರ್ಕಿಮಿಡೀಸ್ ಎಂಬ ಆಯುಧಕ್ಕೆ. ಒಂದು ಮೆನು, ಅದರ ಒಂದೊಂದು ಸಾಲಿನ ಹಿಂದೆ ಒಂದೊಂದು ಬಣ. ಎನ್‌ಸಿಆರ್ ಎಷ್ಟು ಅಸ್ತವ್ಯಸ್ತ ಎಂದು ಯಾರೂ ಭಾಷಣ ಬಿಗಿಯಬೇಕಿಲ್ಲ, ಫ್ಯಾಂಟಾಸ್ಟಿಕ್‌ಗೆ ಕೊಟ್ಟ ಕೆಲಸವೇ ಸಾಕು. ಕೊರತೆಯೂ ಇದೆ: ವಿದ್ಯುತ್ತು ಬಂದ ಮೇಲೆ ವೆಸ್ಟ್‌ಸೈಡ್‌ನಲ್ಲಿ ನಡೆದು ನೋಡಿದರೆ ಬದುಕು ಬದಲಾಗಿದ್ದು ಕಾಣುವುದು ಕಡಿಮೆ. ಐದನೆಯ ಕಾಲಂನಲ್ಲಿ ಇದನ್ನು ಮುಲಾಜಿಲ್ಲದೆ ಬರೆಯಿರಿ.

ಫಾಲ್‌ಔಟ್ 4ರ ಮಾಸ್ ಫ್ಯೂಷನ್. ಬೆರಿಲಿಯಂ ಅಜಿಟೇಟರ್ ಎಂಬ ಒಂದೇ ಭಾಗ ಇನ್‌ಸ್ಟಿಟ್ಯೂಟ್‌ನ ರಿಯಾಕ್ಟರ್‌ಗೂ ಬೇಕು, ಬ್ರದರ್‌ಹುಡ್‌ನ ಲಿಬರ್ಟಿ ಪ್ರೈಮ್ ಎಂಬ ದೈತ್ಯ ರೋಬಾಟ್‌ಗೂ ಬೇಕು. ಒಂದು ಕಡೆಯವರ ಜೊತೆ ಹೋದಿರೋ ಇನ್ನೊಂದು ಕಡೆ ಶಾಶ್ವತ ವೈರಿ. ಕಾಗದದ ಮೇಲೆ ಈ ಡಿಕ್ಕಿ ಮೂರರಲ್ಲೇ ಚೊಕ್ಕಟವಾದದ್ದು: ವಸ್ತು ಒಂದು, ಬೇಡುವವರು ಇಬ್ಬರು. ಆದರೂ ಆಡುವಾಗ ಅದು ಹಗುರ. ಕಾರಣ ನಾಲ್ಕನೆಯ ಕಾಲಂನಲ್ಲಿ ಸಿಗುತ್ತದೆ. ಗೆಕೋದಲ್ಲಿ ಬೆಲೆ ತೆರುವವರು ಹೆಸರಿರುವ ಊರಿನವರು. ಇಲ್ಲಿ ಬೆಲೆ ತೆರುವುದು ‘ಇನ್ನೊಂದು ಬಣ’ ಎಂಬ ಲೇಬಲ್ಲು. ಆ ರಿಯಾಕ್ಟರಿನ ಬೆಳಕು ಯಾರ ಮನೆಯಲ್ಲಿ ಉರಿಯುತ್ತದೆ, ಅದು ಆರಿದರೆ ಯಾರು ಕತ್ತಲಲ್ಲಿ ಕೂರುತ್ತಾರೆ ಎನ್ನುವುದನ್ನು ಆ ಹೊತ್ತಿಗೆ ಆಟ ನಿಮಗೆ ಮುಟ್ಟಿಸಿರುವುದಿಲ್ಲ.

ಫಾಲ್‌ಔಟ್ 4 ಮಾಡಿದ ಬೆಥೆಸ್ಡಾ ತಂಡದ್ದೇ ಆದ 2016ರ ಫಾರ್ ಹಾರ್ಬರ್ ಡಿಎಲ್‌ಸಿಯನ್ನು (ಆಟಕ್ಕೆ ಆಮೇಲೆ ಸೇರಿಸಿದ ಭಾಗ) ಈ ಸಾಲಿಗೆ ಸೇರಿಸಿದರೆ ಚಿತ್ರ ಬದಲಾಗುತ್ತದೆ. ದ್ವೀಪದ ಮೀನುಗಾರರಿಗೆ ವಿಷಮಂಜನ್ನು ತಡೆಯುವ ಕಂಡೆನ್ಸರ್‌ಗಳೇ ಪ್ರಾಣ, ಅವು ನಿಂತಿರುವುದು ಗಾಳಿಯಂತ್ರದ ವಿದ್ಯುತ್ತಿನ ಮೇಲೆ. ಚಿಲ್ಡ್ರನ್ ಆಫ್ ಆಟಮ್ ಎಂಬ ಮತದವರಿಗೆ ಅದೇ ಮಂಜು ದೇವರು. ನಡುವೆ ಡಿಮಾ ಎಂಬ ಸಿಂತ್. ಗಾಳಿಯಂತ್ರ ನಿಲ್ಲಿಸಿದರೆ ಊರು ಹೋಗುತ್ತದೆ, ಮತದವರ ಅಣು ಜಲಾಂತರ್ಗಾಮಿ ಸಿಡಿಸಿದರೆ ಅವರು ಹೋಗುತ್ತಾರೆ. ಶಾಂತಿ ಬೇಕೆಂದರೆ ಅವರ ಗುರುವನ್ನು ಕೊಂದು ಅಥವಾ ಓಡಿಸಿ, ಅವನ ಜಾಗಕ್ಕೆ ಸಿಂತ್ ಒಂದನ್ನು ಕೂರಿಸಬೇಕು. ಶಾಂತಿಯೂ ಒಂದು ಸುಳ್ಳಿನ ಮೇಲೆ ನಿಲ್ಲಬೇಕಾದ ಸ್ಥಿತಿ. ಆದ್ದರಿಂದ ‘ಆ ಕಂಪನಿಗೆ ಬರೆಯಲು ಬರುವುದಿಲ್ಲ’ ಎಂಬ ಷರಾ ಹೋಲಿಕೆಯಲ್ಲಿ ಬೇಡ. ಒಂದೇ ಆಟದೊಳಗೇ ಬರವಣಿಗೆ ಏರುತ್ತದೆ, ಇಳಿಯುತ್ತದೆ.

ಹೆಜ್ಜೆ 6: ಪರಿಣಾಮವನ್ನು ಮೂರು ದೂರದಲ್ಲಿ ನೋಡಿ

ಅದೇ ಕೋಣೆಯಲ್ಲಿ ಏನಾಯಿತು, ಕೆಲವು ದಿನ ಬಿಟ್ಟು ಬಂದಾಗ ಏನಾಗಿದೆ, ಆಟ ಮುಗಿದಾಗ ತೋರಿಸುವ ಕೊನೆಯ ಸ್ಲೈಡ್‌ನಲ್ಲಿ ಏನು ಹೇಳಿದರು. ಮಧ್ಯದ್ದನ್ನು ಬಹಳ ಮಂದಿ ಮರೆಯುತ್ತಾರೆ. ಆಟದ ಗಡಿಯಾರದಲ್ಲಿ ಕಡಿಮೆಯೆಂದರೂ ಮೂರು ದಿನ ಬೇರೆಲ್ಲಾದರೂ ಕಳೆದು ವಾಪಸ್ಸು ಹೋಗಿ. ಆ ಜಾಗದಲ್ಲೇ ನಿಂತು ಕಾಯುವುದರಿಂದ ಕೆಲವು ಬದಲಾವಣೆಗಳು ಲೋಡ್ ಆಗದೆ ಉಳಿಯಬಹುದು.

ಫಾಲ್‌ಔಟ್ 3ರ ಟೆನ್‌ಪೆನಿ ಟವರ್ ಇದಕ್ಕೆ ಒಳ್ಳೆಯ ಉದಾಹರಣೆ. ಗೋಪುರದ ಶ್ರೀಮಂತರು ಗೂಲ್‌ಗಳನ್ನು ಒಳಗೆ ಬಿಡುವುದಿಲ್ಲ. ನೀವು ಮಾತಾಡಿ ಎಲ್ಲರನ್ನೂ ಒಪ್ಪಿಸಿದರೆ ಗೂಲ್‌ಗಳು ಶಾಂತಿಯಿಂದ ಒಳಗೆ ಬರುತ್ತಾರೆ. ಕ್ವೆಸ್ಟ್ ಮುಗಿಯಿತು, ಬಹುಮಾನ ಬಂತು. ಕೆಲವು ದಿನ ಬಿಟ್ಟು ಹೋದರೆ ಮನುಷ್ಯರು ಒಬ್ಬರೂ ಇಲ್ಲ, ರಾಯ್ ಫಿಲಿಪ್ಸ್ ಅವರನ್ನು ಮುಗಿಸಿದ್ದಾನೆ. ಆ ಆಟದ ಅತ್ಯಂತ ಧೈರ್ಯದ ಬರವಣಿಗೆ ಇದು. ಆಮೇಲೆ ಸಿಟ್ಟಿನಿಂದ ರಾಯ್‌ನನ್ನು ಕೊಂದರೆ ನಿಮ್ಮ ಕರ್ಮವೇ (ಒಳಿತು ಕೆಡುಕಿಗೆ ಆಟ ಕೊಡುವ ಅಂಕ) ಕೆಳಗಿಳಿಯುತ್ತದೆ! ಕಥೆ ಒಂದು ಹೇಳುತ್ತದೆ, ಅಂಕ ಇನ್ನೊಂದು ಹೇಳುತ್ತದೆ. ಹೀಗೆ ಎರಡೂ ಒಪ್ಪದ ಜಾಗ ಸಿಕ್ಕಿದರೆ ಗೆರೆ ಎಳೆದಿಡಿ, ಹೋಲಿಕೆಯ ಬೆಣ್ಣೆ ಅಲ್ಲಿರುತ್ತದೆ.

ವೇಸ್ಟ್‌ಲ್ಯಾಂಡ್ 2 ಇದನ್ನು ಬೇರೆ ರೀತಿ ಮಾಡುತ್ತದೆ. ಹೈಪೂಲ್ ಮತ್ತು ಆ್ಯಗ್ ಸೆಂಟರ್ ಎರಡರಿಂದಲೂ ಒಟ್ಟಿಗೇ ಸಹಾಯದ ಕೂಗು. ಒಂದು ನೀರಿನದು, ಇನ್ನೊಂದು ಬೆಳೆಯದು. ಒಂದಕ್ಕೆ ಹೋದರೆ ಇನ್ನೊಂದು ನಾಶ. ನೀವು ಒಂದು ಕಡೆ ಕೆಲಸ ಮಾಡುತ್ತಿರುವಾಗ ಇನ್ನೊಂದು ಕಡೆಯವರ ಮೊರೆ ರೇಡಿಯೋದಲ್ಲಿ ಕಿವಿಗೆ ಬೀಳುತ್ತಲೇ ಇರುತ್ತದೆ. ನಾಲ್ಕೈದು ಸಾಲಿನ ಧ್ವನಿ, ದೃಶ್ಯವೇ ಇಲ್ಲ. ಬೆಲೆಯನ್ನು ಕಾಣಿಸಲು ಖರ್ಚು ಬೇಕಿಲ್ಲ ಅನ್ನುವುದಕ್ಕೆ ಇದು ಸಾಕು.

ಹೆಜ್ಜೆ 7: ಅಂಕದ ಪದ್ಧತಿ, ಮಾತಿನ ಪರೀಕ್ಷೆ

ಫಾಲ್‌ಔಟ್ 3ರಲ್ಲಿ ಒಂದೇ ಕರ್ಮ: ಮೇಲಕ್ಕೆ ಅಥವಾ ಕೆಳಕ್ಕೆ. ನ್ಯೂ ವೇಗಸ್‌ನಲ್ಲಿ ಪ್ರತಿ ಬಣಕ್ಕೂ ಒಳ್ಳೆಯ ಹೆಸರು ಬೇರೆ, ಕೆಟ್ಟ ಹೆಸರು ಬೇರೆ. ಒಳ್ಳೆಯ ಕೆಲಸ ಮಾಡಿದರೆ ಹಳೆಯ ಕೆಟ್ಟ ಹೆಸರು ಅಳಿಸುವುದಿಲ್ಲ, ಎರಡೂ ಒಟ್ಟಿಗೆ ಕೂತು ನಿಮಗೊಂದು ಬಿರುದು ಕೊಡುತ್ತವೆ. ಎರಡು ಬಾಕಿ ಪುಸ್ತಕ ಇಟ್ಟಂತೆ. ಟಿಪ್ಪಣಿ ತೆಗೆಯುವಾಗ ಪ್ರತಿ ತೀರ್ಮಾನದ ಹಿಂದೆ ಮುಂದೆ ಪಿಪ್‌ಬಾಯ್ (ಪಾತ್ರದ ಕೈಗೆ ಕಟ್ಟಿದ ಕಂಪ್ಯೂಟರ್) ತೋರಿಸುವ ಬಿರುದು ಬರೆದುಕೊಳ್ಳಿ.

ಮಾತಿನ ಪರೀಕ್ಷೆಯಲ್ಲೂ ಹಾಗೆಯೇ. ಫಾಲ್‌ಔಟ್ 3ರಲ್ಲಿ ಅದು ಶೇಕಡಾ ಲೆಕ್ಕದ ಅದೃಷ್ಟ, ಸೋತರೆ ಲೋಡ್ ಮಾಡಿ ಮತ್ತೆ ಪ್ರಯತ್ನಿಸಬಹುದು. ನ್ಯೂ ವೇಗಸ್‌ನಲ್ಲಿ ಸ್ಥಿರ ಗೆರೆ: ಕೌಶಲ ಇದ್ದರೆ ಆಯಿತು, ಇಲ್ಲದಿದ್ದರೆ ಇಲ್ಲ, ಕಡಿಮೆಯಿದ್ದಾಗ ಪಾತ್ರ ಆಡುವ ಪೆದ್ದು ವಾಕ್ಯವೂ ಪರದೆಯ ಮೇಲೆ ಕಾಣುತ್ತದೆ. ಹೋಲಿಸುವಾಗ ಕೇಳಬೇಕಾದ್ದು: ಗೆದ್ದ ಮಾತು ವಾದವೋ, ಬರೀ ಬೀಗದ ಕೈಯೋ? ಮೊದಲ ಫಾಲ್‌ಔಟ್‌ನಲ್ಲಿ ಮ್ಯೂಟೆಂಟ್‌ಗಳ (ರೂಪಾಂತರಗೊಂಡ ಮನುಷ್ಯರ) ಒಡೆಯನಾದ ಮಾಸ್ಟರ್‌ನನ್ನು ಮಾತಿನಲ್ಲೇ ಸೋಲಿಸಬೇಕಾದರೆ ಅವನ ಮ್ಯೂಟೆಂಟ್‌ಗಳಿಗೆ ಸಂತಾನವಾಗುವುದಿಲ್ಲ ಎಂಬ ಸಂಗತಿ ನಿಮಗೆ ಗೊತ್ತಿರಬೇಕು, ಪುರಾವೆ ಕೈಯಲ್ಲಿದ್ದರೆ ಇನ್ನೂ ಗಟ್ಟಿ. ಅಲ್ಲಿ ಗೆಲ್ಲುವುದು ಓದಿದವನು.

ಹೆಜ್ಜೆ 8: ಆಧಾರಗಂಬ ಎಲ್ಲಿ ನಿಂತಿದೆ

ಆಟಗಾರ ಎಲ್ಲರನ್ನೂ ಕೊಂದುಹಾಕಿದರೂ ಕಥೆ ಮುಗಿಯಬೇಕು. ಹೀಗಾಗಿ ಪ್ರತಿ ಆಟದಲ್ಲೂ ಬೀಳದ ಒಂದು ದಾರಿ ಇಟ್ಟಿರುತ್ತಾರೆ. ನ್ಯೂ ವೇಗಸ್‌ನಲ್ಲಿ ಅದು ಯೆಸ್ ಮ್ಯಾನ್: ರೋಬಾಟನ್ನು ಒಡೆದರೆ ಸೆಕ್ಯುರಿಟ್ರಾನ್ ಎಂಬ ಇನ್ನೊಂದು ಕಾವಲು ರೋಬಾಟಿನಲ್ಲಿ ನಗುತ್ತಾ ಬರುತ್ತಾನೆ. ಫಾಲ್‌ಔಟ್ 4ರಲ್ಲಿ ಆ ಕೆಲಸ ಮಿನಿಟ್‌ಮೆನ್‌ಗೆ. ಎರಡೂ ತಾಂತ್ರಿಕ ಅಗತ್ಯ. ಮೊದಲನೆಯವನಿಗೆ ಅದನ್ನೇ ಸ್ವಭಾವವಾಗಿ ಬರೆದಿದ್ದಾರೆ, ಯಾರಿಗೂ ಇಲ್ಲ ಎನ್ನಲಾರದ ಯಂತ್ರ. ಎರಡನೆಯದರಲ್ಲಿ ಅಗತ್ಯ ಅಗತ್ಯವಾಗಿಯೇ ಉಳಿದಿದೆ.

ಗಂಬ ತಪ್ಪು ಜಾಗದಲ್ಲಿ ನಿಂತರೆ ಏನಾಗುತ್ತದೆ ಎನ್ನುವುದಕ್ಕೆ ಫಾಲ್‌ಔಟ್ 3ರ ಅಂತ್ಯ ನೋಡಿ. ಪ್ರಾಜೆಕ್ಟ್ ಪ್ಯೂರಿಟಿ ಚಾಲೂ ಮಾಡಲು ವಿಕಿರಣ ತುಂಬಿದ ಕೋಣೆಗೆ ಒಬ್ಬರು ಹೋಗಿ ಸಾಯಬೇಕು. ಪಕ್ಕದಲ್ಲಿ ಫಾಕ್ಸ್ ಎಂಬ ಸೂಪರ್ ಮ್ಯೂಟೆಂಟ್ ಗೆಳೆಯ, ವಿಕಿರಣ ಅವನನ್ನು ಏನೂ ಮಾಡದು. ಆದರೂ ಅವನು ‘ಇದು ನಿನ್ನ ಹಣೆಬರಹ’ ಎಂಬರ್ಥದ ಮಾತಾಡಿ ನಿರಾಕರಿಸುತ್ತಾನೆ. ಆಟಗಾರರು ಸಿಡಿದೆದ್ದರು. 2009ರ ಬ್ರೋಕನ್ ಸ್ಟೀಲ್ ಡಿಎಲ್‌ಸಿ ಬಂದ ಮೇಲೆ ಅವನನ್ನು ಕಳಿಸಬಹುದಾಯಿತು. ತ್ಯಾಗ ಬೇಕೆಂದು ಬರೆದವರು ತೀರ್ಮಾನಿಸಿದ್ದರು, ಲೋಕದ ನಿಯಮ ಅದಕ್ಕೆ ಒಪ್ಪಲಿಲ್ಲ.

ಹೆಜ್ಜೆ 9: ಎಡಿಟರ್ ತೆರೆದು ನೋಡುವುದು

ಪಿಸಿ ಇದ್ದರೆ ಮಾತ್ರ. ಎಡಿಟರ್ ಅಂದರೆ ಆಟದ ಫೈಲುಗಳನ್ನು ತೆರೆದು ತೋರಿಸುವ ಸಾಧನ. ಫಾಲ್‌ಔಟ್ 3 ಮತ್ತು ನ್ಯೂ ವೇಗಸ್‌ಗೆ ಗೆಕ್, ಫಾಲ್‌ಔಟ್ 4ಕ್ಕೆ ಕ್ರಿಯೇಷನ್ ಕಿಟ್. ಕ್ವೆಸ್ಟಿನ ಹಂತಗಳು, ಪ್ರತಿ ಸಾಲಿನ ಮಾತಿಗೆ ಹಾಕಿದ ಷರತ್ತು ಎಲ್ಲ ಕಾಣುತ್ತವೆ. ಫೈಲಿನಲ್ಲಿರುವ ಮಾತೆಲ್ಲ ಆಟದಲ್ಲಿ ಬರುವುದಿಲ್ಲ, ಕೈಬಿಟ್ಟ ಸಾಲುಗಳೂ ಅಲ್ಲೇ ಬಿದ್ದಿರುತ್ತವೆ. ಆಡಿ ಕೇಳಿದ ಮೇಲಷ್ಟೇ ಅದನ್ನು ಪುರಾವೆಯಾಗಿ ಬಳಸಿ.

ಹೆಜ್ಜೆ 10: ಬರೆಯುವಾಗ

ಆಟದ ಕ್ರಮದಲ್ಲಿ ಬರೆಯಬೇಡಿ, ಕಾಲಂ ಕ್ರಮದಲ್ಲಿ ಬರೆಯಿರಿ. ‘ಮೊದಲು ಆಟ ಒಂದು, ಆಮೇಲೆ ಆಟ ಎರಡು’ ಎಂದರೆ ಓದುಗನೇ ಹೋಲಿಸಿಕೊಳ್ಳಬೇಕಾಗುತ್ತದೆ. ನ್ಯೂ ವೇಗಸ್‌ನ ಲೀಜನ್‌ನಂಥ ಬಣ ಬಂದಾಗ ನ್ಯಾಯ ಪಾಲಿಸಿ: ಎನ್‌ಸಿಆರ್‌ಗೆ ಹೋಲಿಸಿದರೆ ಅದರ ನೆಲೆಗಳೂ ಕ್ವೆಸ್ಟ್‌ಗಳೂ ಎದ್ದು ಕಾಣುವಷ್ಟು ಕಡಿಮೆ, ಅದು ಆಳುವ ನಾಡನ್ನು ಆಟಗಾರ ನೋಡುವುದೇ ಇಲ್ಲ. ಅದರ ಆಡಳಿತದ ಬಗ್ಗೆ ಪಾತ್ರಗಳು ಹೇಳುವ ಮಾತನ್ನು ಕಂಡ ಸಂಗತಿಯೆಂದು ಬರೆಯಬಾರದು.

ಮೇಲ್ಗಡೆ ಆಟದ ವರ್ಷನ್, ಹಾಕಿರುವ ಡಿಎಲ್‌ಸಿ, ಪ್ಯಾಚ್ (ತಯಾರಕರ ತಿದ್ದುಪಡಿ), ಮಾಡ್ (ಆಟಗಾರರು ಮಾಡಿದ ಮಾರ್ಪಾಡು) ಎಲ್ಲ ನಮೂದಿಸಿ. ಇದು ಕ್ಷುಲ್ಲಕ ಅನ್ನಿಸಬಹುದು. ಮೊದಲ ಫಾಲ್‌ಔಟ್ ಬಿಡುಗಡೆಯಾದಾಗ ವಾಟರ್ ಚಿಪ್ ತಂದ ಮೇಲೂ ಮ್ಯೂಟೆಂಟ್‌ಗಳು ವಾಲ್ಟ್ ಹುಡುಕುವ 500 ದಿನದ ಗಡುವು ಓಡುತ್ತಿತ್ತು. ಹಬ್ ಪಟ್ಟಣದ ನೀರಿನ ವ್ಯಾಪಾರಿಗಳನ್ನು ವಾಲ್ಟ್‌ಗೆ ಕಳಿಸಿದರೆ ಚಿಪ್ ಹುಡುಕಲು 100 ದಿನ ಹೆಚ್ಚು ಸಿಗುತ್ತಿತ್ತು, ಆದರೆ ಅದರಿಂದ ವಾಲ್ಟ್‌ನ ಸುಳಿವು ಹೊರಬಿದ್ದು ಮ್ಯೂಟೆಂಟ್‌ಗಳು ಬೇಗ ಬರುತ್ತಿದ್ದರು. 1.1 ಪ್ಯಾಚ್ ಈ ಎರಡನೆಯ ಗಡುವನ್ನು ಸಡಿಲಿಸಿತು. ಅದೇ ಕ್ವೆಸ್ಟ್, ಅದೇ ಮಾತು. ಪ್ಯಾಚ್ ಇಲ್ಲದೆ ಆಡಿದವನಿಗೆ ನೀರು ಕೊಳ್ಳುವುದು ಮನೆಯವರ ಪ್ರಾಣ ಒತ್ತೆಯಿಡುವ ತೀರ್ಮಾನ, ಪ್ಯಾಚ್ ಹಾಕಿದವನಿಗೆ ಬರೀ ಸೌಕರ್ಯ.